ಗುಗ್ಲಿಯೆಲ್ಮೊ ಮಾರ್ಕೋನಿ (1874–1937): ನಿಸ್ತಂತು ಸಂಪರ್ಕದ ಪ್ರವರ್ತಕರ ಜೀವನ ಮತ್ತು ಪರವಾನಗಿ ವ್ಯವಸ್ಥೆಯ ಹಿನ್ನೆಲೆ

ಸಂಕ್ಷಿಪ್ತ ಪರಿಚಯ

ಜನನ: 25 ಏಪ್ರಿಲ್ 1874, ಬೊಲೋನ್ಯ, ಇಟಲಿ
ತಂದೆ, ತಾಯಿ: ಜ್ಯುಸೆಪ್ಪೆ ಮಾರ್ಕೋನಿ, ಆ್ಯನಿ ಜೇಮ್ಸನ್
ಕಾರ್ಯಕ್ಷೇತ್ರ: ನಿಸ್ತಂತು ತಂತಿವಾರ್ತೆ, ರೇಡಿಯೋ ಎಂಜಿನಿಯರಿಂಗ್
ಗೌರವ: 1909ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿ (ಕಾರ್ಲ್ ಫರ್ಡಿನಾಂಡ್ ಬ್ರೌನ್ ಅವರೊಂದಿಗೆ)
ನಿಧನ: 20 ಜುಲೈ 1937, ರೋಮ್

ಪೀಠಿಕೆ

ನಿಸ್ತಂತು ಪ್ರೇಷಕವನ್ನು ಸ್ಥಾಪಿಸಲು ಅಥವಾ ಬಳಸಲು ಪರವಾನಗಿ ಕೋರುವ ಅರ್ಜಿದಾರರಿಂದ ಉಪಕರಣವಿರುವ ಸ್ಥಳ, ಅದರ ಶಕ್ತಿ, ಬಳಸುವ ಕಂಪನಾಂಕ, ಬ್ಯಾಂಡಿನ ಅಗಲ ಮುಂತಾದ ವಿವರಗಳನ್ನು ಪಡೆಯಲಾಗುತ್ತದೆ. ಒಂದು ಸಣ್ಣ ಉಪಕರಣಕ್ಕೆ ಇಷ್ಟೆಲ್ಲ ವಿವರಗಳು ಏಕೆ ಬೇಕು ಎಂಬ ಪ್ರಶ್ನೆ ಸಾರ್ವಜನಿಕರಲ್ಲಿ ಮೂಡುವುದು ಸಹಜ. ನಿಸ್ತಂತು ತಂತಿವಾರ್ತೆಯನ್ನು ಪ್ರಯೋಗಾಲಯದಿಂದ ವಾಣಿಜ್ಯ ಬಳಕೆಗೆ ತಂದ ಮಾರ್ಕೋನಿಯವರ ಜೀವನಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಅವರು ಕಾರ್ಯಾರಂಭ ಮಾಡಿದಾಗ ನಿಸ್ತಂತು ಕೇಂದ್ರಗಳಿಗೆಂದೇ ರೂಪಿತವಾದ ಕಾನೂನು ಇರಲಿಲ್ಲ. ಅವರು ನಿಧನರಾಗುವ ವೇಳೆಗೆ ಪರವಾನಗಿ ಪದ್ಧತಿಯು ಅಂತರರಾಷ್ಟ್ರೀಯ ಒಪ್ಪಂದಗಳ ಮೂಲಕ ನೆಲೆಗೊಂಡಿತ್ತು. ಈ ಬದಲಾವಣೆಗೆ ಅವರ ಸಾಧನೆಯಷ್ಟೇ ಅವರ ಉಪಕರಣಗಳ ಮಿತಿಗಳೂ ಅವರ ಸಂಸ್ಥೆಯ ಧೋರಣೆಯೂ ಕಾರಣವಾದವು.

ಬಾಲ್ಯ ಮತ್ತು ಮೊದಲ ಪ್ರಯೋಗಗಳು

ಮಾರ್ಕೋನಿಯವರ ತಂದೆ ಇಟಲಿಯ ಜಮೀನುದಾರರು. ತಾಯಿ ಐರ್ಲೆಂಡಿನ ಪ್ರಸಿದ್ಧ ಮದ್ಯೋದ್ಯಮಿಗಳಾದ ಜೇಮ್ಸನ್ ಮನೆತನದವರು. ಅವರ ಶಿಕ್ಷಣವು ಬಹುಮಟ್ಟಿಗೆ ಖಾಸಗಿ ಬೋಧಕರಿಂದ ನಡೆಯಿತು. ವಿಶ್ವವಿದ್ಯಾಲಯದ ಪದವಿಯನ್ನು ಅವರು ಪಡೆಯಲಿಲ್ಲವಾದರೂ, ಬೊಲೋನ್ಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಗಸ್ಟೊ ರಿಗಿಯವರ ಮಾರ್ಗದರ್ಶನ ಅವರಿಗೆ ಲಭಿಸಿತ್ತು. ವಿದ್ಯುತ್ಕಾಂತೀಯ ತರಂಗಗಳನ್ನು ಪ್ರಯೋಗದಿಂದ ಸಿದ್ಧಪಡಿಸಿದ ಜರ್ಮನಿಯ ಹೈನ್ರಿಕ್ ಹರ್ಟ್ಸ್ ಅವರು 1894ರ ಜನವರಿಯಲ್ಲಿ ನಿಧನರಾದರು. ಆ ವರ್ಷ ಹರ್ಟ್ಸ್ ಅವರ ಕಾರ್ಯವನ್ನು ಕುರಿತ ಬರಹಗಳನ್ನು ಓದಿದ ಯುವಕ ಮಾರ್ಕೋನಿಗೆ, ಈ ತರಂಗಗಳಿಂದ ತಂತಿಯ ನೆರವಿಲ್ಲದೆ ಸಂದೇಶ ಕಳುಹಿಸಬಹುದೆಂಬ ವಿಚಾರ ಹೊಳೆಯಿತು.

ಪೊಂಟೆಕ್ಕಿಯೊದಲ್ಲಿದ್ದ ತಂದೆಯ ಮನೆಯಲ್ಲಿಯೇ ಪ್ರಯೋಗಗಳು ನಡೆದವು. 1895ರಲ್ಲಿ ಎತ್ತರದ ಏರಿಯಲ್ ಮತ್ತು ಭೂಸಂಪರ್ಕವನ್ನು ಬಳಸಿ ಸುಮಾರು 2 ಕಿ.ಮೀ. ದೂರಕ್ಕೆ, ಗುಡ್ಡದ ಆಚೆಗೆ, ಸಂಕೇತವನ್ನು ತಲುಪಿಸುವಲ್ಲಿ ಅವರು ಯಶಸ್ವಿಯಾದರು. ಸಂಕೇತ ಬಂದುದನ್ನು ಅವರ ಸಹೋದರ ಅಲ್ಫೊನ್ಸೊ ಬಂದೂಕು ಹಾರಿಸಿ ತಿಳಿಸಿದರೆಂದು ದಾಖಲಾಗಿದೆ. ಅದೇ ವರ್ಷ ಕೊಲ್ಕತ್ತಾದಲ್ಲಿ ಆಚಾರ್ಯ ಜಗದೀಶ್ ಚಂದ್ರ ಬೋಸ್ ಅವರು ಅತಿ ಕಿರಿದಾದ ತರಂಗಾಂತರದ ಅಲೆಗಳನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದ್ದರೆಂಬುದು ಭಾರತೀಯರಿಗೆ ಹೆಮ್ಮೆಯ ಸಂಗತಿ.

ಕಿಡಿ ಪ್ರೇಷಕದ ಸ್ವರೂಪ

ಮಾರ್ಕೋನಿಯವರ ಪ್ರೇಷಕದ ಮುಖ್ಯ ಭಾಗವೆಂದರೆ ಎರಡು ಲೋಹದ ಗುಂಡುಗಳ ನಡುವಿನ ಕಿರು ಅಂತರ. ಅಧಿಕ ವೋಲ್ಟೇಜಿನ ವಿದ್ಯುತ್ತು ಈ ಅಂತರವನ್ನು ದಾಟುವಾಗ ಕಿಡಿ ಹಾರಿ ತರಂಗಗಳು ಹೊರಹೊಮ್ಮುತ್ತಿದ್ದವು. ಈ ತರಂಗಗಳು ಒಂದೇ ಕಂಪನಾಂಕದಲ್ಲಿ ಇರದೆ ಬಹು ವಿಶಾಲವಾದ ವ್ಯಾಪ್ತಿಯಲ್ಲಿ ಹರಡುತ್ತಿದ್ದವು. ಹಳೆಯ ರೇಡಿಯೋ ಹಾಡುತ್ತಿರುವಾಗ ಮಿಂಚು ಹೊಳೆದರೆ ಅಥವಾ ಮನೆಯ ಮುಂದೆ ಸ್ಕೂಟರ್ ಚಾಲನೆಯಾದರೆ ಕರಕರ ಸದ್ದು ಕೇಳುತ್ತಿದ್ದುದು ಹಲವರ ಅನುಭವ. ಅದಕ್ಕೂ ಕಾರಣ ಕಿಡಿಯೇ. ಯಾವ ನಿಲಯಕ್ಕೆ ತಿರುಗಿಸಿದರೂ ಆ ಸದ್ದು ಬರುತ್ತದೆ, ಏಕೆಂದರೆ ಕಿಡಿಯ ಶಕ್ತಿ ಎಲ್ಲ ಕಂಪನಾಂಕಗಳಲ್ಲಿಯೂ ಹಂಚಿಹೋಗಿರುತ್ತದೆ.

ಆದ್ದರಿಂದ ಒಂದು ಪ್ರದೇಶದಲ್ಲಿ ಒಂದೇ ಕಿಡಿ ಪ್ರೇಷಕವಿದ್ದಾಗ ತೊಂದರೆ ಇರಲಿಲ್ಲ. ಎರಡನೆಯದು ಕೆಲಸ ಆರಂಭಿಸಿದೊಡನೆ ಎರಡರ ಸಂದೇಶಗಳೂ ಬೆರೆತು ಯಾವುದೂ ತಿಳಿಯದಂತಾಗುತ್ತಿತ್ತು. ಸಂತೆಯ ನಡುವೆ ಒಬ್ಬರು ತಮಟೆ ಬಾರಿಸತೊಡಗಿದರೆ ಉಳಿದವರ ಮಾತು ನಿಲ್ಲುವಂತೆಯೇ ಇದು.

ಕಂಪನಿಯ ಸ್ಥಾಪನೆ

ತಾಯಿಯ ಬಂಧುಗಳ ನೆರವಿನಿಂದ ಮಾರ್ಕೋನಿಯವರು 1896ರಲ್ಲಿ ಲಂಡನ್ನಿಗೆ ತೆರಳಿ, ಆ ವರ್ಷದ ಜೂನ್ 2ರಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಬ್ರಿಟಿಷ್ ಅಂಚೆ ಇಲಾಖೆಯ ಮುಖ್ಯ ಎಂಜಿನಿಯರ್ ವಿಲಿಯಂ ಪ್ರೀಸ್ ಅವರು ಪ್ರಯೋಗಗಳಿಗೆ ಪ್ರೋತ್ಸಾಹ ನೀಡಿದರು. 1897ರ ಮೇ ತಿಂಗಳಿನಲ್ಲಿ ಬ್ರಿಸ್ಟಲ್ ಕೊಲ್ಲಿಯ ಮೇಲೆ, 1899ರ ಮಾರ್ಚಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಸಂದೇಶಗಳು ದಾಟಿದವು. 1899ರಲ್ಲಿ ಇಂಗ್ಲೆಂಡಿನ ಕರಾವಳಿಯ ಈಸ್ಟ್ ಗುಡ್ವಿನ್ ದೀಪನೌಕೆಗೆ ಹಡಗೊಂದು ಡಿಕ್ಕಿ ಹೊಡೆದಾಗ, ಅದರಲ್ಲಿ ಅಳವಡಿಸಿದ್ದ ನಿಸ್ತಂತುವಿನ ಮೂಲಕ ದಡದಿಂದ ನೆರವು ಕೋರಲಾಯಿತು. ಸಮುದ್ರದಲ್ಲಿ ಪ್ರಾಣರಕ್ಷಣೆಗೆ ಈ ಸಾಧನದ ಮಹತ್ವವೇನೆಂಬುದು ಆಗಲೇ ಸ್ಪಷ್ಟವಾಯಿತು.

1897ರ ಜುಲೈನಲ್ಲಿ ಸ್ಥಾಪಿತವಾದ ಕಂಪನಿಯು 1900ರಲ್ಲಿ ಮಾರ್ಕೋನಿಯವರ ಹೆಸರನ್ನೇ ಪಡೆಯಿತು. ಬ್ರಿಟನ್ನಿನಲ್ಲಿ ಹಣ ಪಡೆದು ತಂತಿವಾರ್ತೆ ರವಾನಿಸುವ ಏಕಸ್ವಾಮ್ಯ ಅಂಚೆ ಇಲಾಖೆಗೆ ಸೇರಿತ್ತು. ಆದಕಾರಣ ಕಂಪನಿಯು ಉಪಕರಣಗಳನ್ನು ಮಾರಾಟ ಮಾಡದೆ, ನಿರ್ವಾಹಕರ ಸಮೇತ ಹಡಗು ಸಂಸ್ಥೆಗಳಿಗೆ ಬಾಡಿಗೆಗೆ ನೀಡುವ ಪದ್ಧತಿಯನ್ನು ಅನುಸರಿಸಿತು. ಹಡಗು ಯಾರದಾದರೂ ಅದರಲ್ಲಿದ್ದ ನಿಸ್ತಂತು ನಿರ್ವಾಹಕರು ಮಾರ್ಕೋನಿ ಕಂಪನಿಯ ನೌಕರರಾಗಿರುತ್ತಿದ್ದರು. ಅನ್ಯ ಕಂಪನಿಗಳ ಉಪಕರಣವಿರುವ ಹಡಗುಗಳೊಡನೆ, ಅಪಾಯದ ಸಂದರ್ಭವನ್ನು ಹೊರತುಪಡಿಸಿ, ಸಂದೇಶ ವಿನಿಮಯ ಮಾಡಬಾರದೆಂದು ಅವರಿಗೆ ಸೂಚನೆ ಇತ್ತು. ಸರ್ಕಾರದ ನಿಯಮಗಳಿಲ್ಲದ ಕಾಲದಲ್ಲಿ ಒಂದು ಖಾಸಗಿ ಸಂಸ್ಥೆಯ ವ್ಯಾಪಾರ ನಿಯಮವೇ ಸಮುದ್ರದ ಮೇಲಿನ ನಿಯಮವಾಗಿ ಪರಿಣಮಿಸಿತು.

ಅಟ್ಲಾಂಟಿಕ್ ಸಾಗರದ ಆಚೆಗೆ

1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡು ಕೇಂದ್ರದಿಂದ ಹೊರಟ ಮೋರ್ಸ್ ಸಂಕೇತದ ಮೂರು ಚುಕ್ಕಿಗಳ ಅಕ್ಷರವು ಸುಮಾರು 3,400 ಕಿ.ಮೀ. ದೂರದ ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್‌ನಲ್ಲಿ ಕೇಳಿಸಿತೆಂದು ಮಾರ್ಕೋನಿಯವರು ಘೋಷಿಸಿದರು. ಗಾಳಿಪಟದಿಂದ ಎತ್ತರಕ್ಕೇರಿಸಿದ ತಂತಿಯೇ ಅಲ್ಲಿ ಏರಿಯಲ್ ಆಗಿತ್ತು. ಯಂತ್ರದಲ್ಲಿ ಮುದ್ರಿತವಾಗದೆ ಕಿವಿಗಷ್ಟೇ ಕೇಳಿಸಿದ ಈ ಸಂಕೇತದ ಬಗ್ಗೆ ತಜ್ಞರಲ್ಲಿ ಸಂದೇಹ ಉಳಿದಿದೆ. 1902ರ ಡಿಸೆಂಬರಿನಲ್ಲಿ ಕೆನಡಾದ ಗ್ಲೇಸ್ ಬೇ ಕೇಂದ್ರದಿಂದ ಪೂರ್ಣ ಸಂದೇಶವು ಅಟ್ಲಾಂಟಿಕ್ ಸಾಗರವನ್ನು ದಾಟಿತು.

ಈ ಸಂದರ್ಭದ ಒಂದು ಘಟನೆ ಗಮನಾರ್ಹ. ನ್ಯೂಫೌಂಡ್‌ಲ್ಯಾಂಡಿನಲ್ಲಿ ತಂತಿವಾರ್ತೆಯ ಏಕಸ್ವಾಮ್ಯವು ಆಂಗ್ಲೋ-ಅಮೆರಿಕನ್ ಟೆಲಿಗ್ರಾಫ್ ಕಂಪನಿಗೆ ಸೇರಿತ್ತು. ಪ್ರಯೋಗವನ್ನು ನಿಲ್ಲಿಸದಿದ್ದಲ್ಲಿ ಕಾನೂನು ಕ್ರಮ ಕೈಗೊಳ್ಳುವುದಾಗಿ ಆ ಕಂಪನಿಯು ಕೆಲವೇ ದಿನಗಳಲ್ಲಿ ನೋಟಿಸು ನೀಡಿದ್ದರಿಂದ ಮಾರ್ಕೋನಿಯವರು ಅಲ್ಲಿಂದ ತೆರಳಬೇಕಾಯಿತು. ಕೆನಡಾ ಸರ್ಕಾರವು 80,000 ಡಾಲರುಗಳ ನೆರವು ನೀಡಿ ಅವರನ್ನು ಬರಮಾಡಿಕೊಂಡಿತು. ತಂತಿಗಾಗಿ ರಚಿಸಿದ ಹಳೆಯ ಹಕ್ಕುಗಳು ಆಕಾಶದಲ್ಲಿ ಸಾಗುವ ತರಂಗಗಳಿಗೆ ಅನ್ವಯಿಸುತ್ತವೆಯೇ ಎಂಬ ಪ್ರಶ್ನೆ ಹೀಗೆ ಎದುರಾಯಿತು.

ಶ್ರುತಿಗೂಡಿಸುವಿಕೆ ಮತ್ತು ಅಡಚಣೆಯ ಸಮಸ್ಯೆ

ಅಡಚಣೆಯ ಸಮಸ್ಯೆಯನ್ನು ಮಾರ್ಕೋನಿಯವರು ಬಲ್ಲವರಾಗಿದ್ದರು. 1900ರಲ್ಲಿ ಅವರು ಅರ್ಜಿ ಸಲ್ಲಿಸಿದ 7777ನೇ ಸಂಖ್ಯೆಯ ಪೇಟೆಂಟು ಇದಕ್ಕೆ ಪರಿಹಾರವಾಗಿತ್ತು. ಎರಡು ತಂತಿಗಳು ಒಂದೇ ಶ್ರುತಿಯಲ್ಲಿದ್ದಾಗ ಒಂದನ್ನು ಮೀಟಿದರೆ ಇನ್ನೊಂದು ತಾನಾಗಿ ಮಿಡಿಯುವಂತೆ, ಪ್ರೇಷಕ ಮತ್ತು ಗ್ರಾಹಕಗಳನ್ನು ಒಂದೇ ಕಂಪನಾಂಕಕ್ಕೆ ಶ್ರುತಿಗೂಡಿಸುವುದು ಇದರ ತತ್ತ್ವ. ಇದರಿಂದ ಸಂದೇಶಗಳು ಪರಸ್ಪರ ಬೆರೆಯುವುದಿಲ್ಲ, ಅನ್ಯರಿಗೆ ಕೇಳಿಸುವುದೂ ಇಲ್ಲ ಎಂದು ಕಂಪನಿಯು ಪ್ರಚಾರ ಮಾಡಿತು.

ಆದರೆ ಅನುಭವ ಬೇರೆಯಾಗಿತ್ತು. 1901ರಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆಯ ಸುದ್ದಿಯನ್ನು ನಿಸ್ತಂತುವಿನ ಮೂಲಕ ಕಳುಹಿಸಲು ಪೈಪೋಟಿಯ ಸಂಸ್ಥೆಗಳು ಮುಂದಾದಾಗ, ಒಬ್ಬರ ಪ್ರಸಾರ ಇನ್ನೊಬ್ಬರಿಗೆ ಅಡ್ಡಿಯಾಗಿ ಸುದ್ದಿಗಳು ಸರಿಯಾಗಿ ತಲುಪಲಿಲ್ಲ. 1903ರ ಜೂನ್ 4ರಂದು ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್‌ನಲ್ಲಿ, ಕಂಪನಿಯ ವೈಜ್ಞಾನಿಕ ಸಲಹೆಗಾರ ಜಾನ್ ಆ್ಯಂಬ್ರೋಸ್ ಫ್ಲೆಮಿಂಗ್ ಅವರು ಸಾರ್ವಜನಿಕ ಉಪನ್ಯಾಸ ನೀಡುತ್ತಿದ್ದರು. ದೂರದ ಪೋಲ್ಡುವಿನಿಂದ ಮಾರ್ಕೋನಿಯವರು ಕಳುಹಿಸುವ ಸಂದೇಶವನ್ನು ಅಲ್ಲಿ ಪ್ರದರ್ಶಿಸಬೇಕಾಗಿತ್ತು. ನಿಗದಿತ ಸಮಯಕ್ಕೆ ಮುಂಚೆಯೇ ಗ್ರಾಹಕದಲ್ಲಿ ಮಾರ್ಕೋನಿಯವರನ್ನು ಹಾಸ್ಯ ಮಾಡುವ ಸಾಲುಗಳು ಮೂಡತೊಡಗಿದವು. ಐಂದ್ರಜಾಲಿಕ ನೆವಿಲ್ ಮ್ಯಾಸ್ಕೆಲಿನ್ ಅವರು ಸಮೀಪದಲ್ಲಿಯೇ ಸರಳವಾದ ಕಿಡಿ ಪ್ರೇಷಕವನ್ನಿಟ್ಟು ಈ ಕಾರ್ಯ ನಡೆಸಿದ್ದರು. ಕಂಪನಿಯ ಪ್ರಚಾರವನ್ನು ಪರೀಕ್ಷಿಸುವುದೇ ತಮ್ಮ ಉದ್ದೇಶವಾಗಿತ್ತೆಂದು ಪತ್ರಿಕೆಯ ಮೂಲಕ ತಿಳಿಸಿದರು.

ಈ ಪ್ರಸಂಗವು ಪರವಾನಗಿಯ ವಿಷಯದಲ್ಲಿ ಮುಖ್ಯವಾದುದು. ಗ್ರಾಹಕವನ್ನು ಎಷ್ಟೇ ನಿಖರವಾಗಿ ಶ್ರುತಿಗೂಡಿಸಿದರೂ, ಹತ್ತಿರದ ವಿಶಾಲ ಬ್ಯಾಂಡಿನ ಪ್ರೇಷಕದ ಒಂದಂಶವು ಆ ಕಂಪನಾಂಕದ ಮೇಲೆಯೂ ಬಂದೇ ಬರುತ್ತದೆ. ಆದ್ದರಿಂದ ಒಬ್ಬ ಬಳಕೆದಾರನು ತನ್ನ ಉಪಕರಣವನ್ನು ಎಷ್ಟು ಉತ್ತಮಪಡಿಸಿಕೊಂಡರೂ ಸಾಲದು. ಇತರರ ಪ್ರೇಷಕಗಳಿಗೂ ಮಿತಿ ಇರಬೇಕಾಗುತ್ತದೆ. ಅಂತಹ ಮಿತಿಯನ್ನು ವಿಧಿಸುವ ಅಧಿಕಾರ ಯಾವ ಖಾಸಗಿ ಸಂಸ್ಥೆಗೂ ಇರುವುದಿಲ್ಲ.

ಮೊದಲ ಕಾನೂನುಗಳು

ಬ್ರಿಟಿಷ್ ಸಂಸತ್ತು 1904ರಲ್ಲಿ ನಿಸ್ತಂತು ತಂತಿವಾರ್ತೆ ಅಧಿನಿಯಮವನ್ನು ಅಂಗೀಕರಿಸಿತು. ಪೋಸ್ಟ್ ಮಾಸ್ಟರ್ ಜನರಲ್ ಅವರ ಪರವಾನಗಿ ಇಲ್ಲದೆ ಯಾರೂ ನಿಸ್ತಂತು ಕೇಂದ್ರವನ್ನು ಸ್ಥಾಪಿಸುವಂತಿಲ್ಲ, ಉಪಕರಣವನ್ನು ಅಳವಡಿಸುವಂತಿಲ್ಲ ಎಂದು ಅದು ವಿಧಿಸಿತು. ಪ್ರಯೋಗ ನಡೆಸುವುದೇ ತಮ್ಮ ಏಕೈಕ ಉದ್ದೇಶವೆಂದು ಮನವರಿಕೆ ಮಾಡಿಕೊಟ್ಟ ಅರ್ಜಿದಾರರಿಗೆ ಬಾಡಿಗೆ ಅಥವಾ ರಾಯಧನವಿಲ್ಲದೆ ವಿಶೇಷ ಪರವಾನಗಿ ನೀಡಲು ಅದೇ ಅಧಿನಿಯಮದಲ್ಲಿ ಅವಕಾಶವಿತ್ತು. ಜ್ಞಾನಾರ್ಜನೆಗೆ ಅಡ್ಡಿಯಾಗದಂತೆ ನಿಯಂತ್ರಣ ಸಾಧಿಸುವ ಪ್ರಯತ್ನ ಆರಂಭದಿಂದಲೂ ಇತ್ತೆಂಬುದಕ್ಕೆ ಇದು ನಿದರ್ಶನ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಚಾಲನೆ ದೊರೆತದ್ದು ಕಂಪನಿಯ ಧೋರಣೆಯಿಂದಲೇ. 1902ರಲ್ಲಿ ಜರ್ಮನಿಯ ಚಕ್ರವರ್ತಿಯ ಸಹೋದರ ರಾಜಕುಮಾರ ಹೈನ್ರಿಕ್ ಅವರು ಅಮೆರಿಕದಿಂದ ಹಿಂದಿರುಗುತ್ತಿದ್ದ ಹಡಗಿನಲ್ಲಿ ಜರ್ಮನ್ ಉಪಕರಣವಿದ್ದ ಕಾರಣ ಮಾರ್ಕೋನಿ ಕೇಂದ್ರಗಳೊಡನೆ ಸಂದೇಶ ವಿನಿಮಯ ಸಾಧ್ಯವಾಗಲಿಲ್ಲ. ಜರ್ಮನಿಯು 1903ರಲ್ಲಿ ಬರ್ಲಿನ್ನಿನಲ್ಲಿ ಪ್ರಾಥಮಿಕ ಸಮ್ಮೇಳನವನ್ನು ಕರೆಯಿತು. 1906ರ ನವೆಂಬರ್ 3ರಂದು ಅಲ್ಲಿಯೇ ಮೊದಲ ಅಂತರರಾಷ್ಟ್ರೀಯ ರೇಡಿಯೋ ತಂತಿವಾರ್ತೆ ಒಪ್ಪಂದಕ್ಕೆ ಸಹಿಯಾಯಿತು. ಉಪಕರಣ ಯಾವ ಕಂಪನಿಯದೇ ಆಗಿರಲಿ, ಕರಾವಳಿ ಕೇಂದ್ರಗಳೂ ಹಡಗುಗಳೂ ಪರಸ್ಪರ ಸಂದೇಶ ಸ್ವೀಕರಿಸಬೇಕೆಂದು ಅದು ನಿಗದಿಪಡಿಸಿತು. ಸಾರ್ವಜನಿಕ ಸಂದೇಶಗಳಿಗೆ 300 ಮತ್ತು 600 ಮೀಟರ್ ತರಂಗಾಂತರಗಳು, ಅಪಾಯಸೂಚನೆಗೆ ಎಸ್‌ಒಎಸ್ ಸಂಕೇತ, ನಿರ್ವಾಹಕರಿಗೆ ಅರ್ಹತಾ ಪ್ರಮಾಣಪತ್ರ ಇವೆಲ್ಲವೂ ಆ ಒಪ್ಪಂದದಿಂದ ಬಂದವು. ಇದು 1908ರ ಜುಲೈ 1ರಿಂದ ಜಾರಿಗೆ ಬಂದಿತು. 1909ರಲ್ಲಿ ಬ್ರಿಟಿಷ್ ಅಂಚೆ ಇಲಾಖೆಯು ಕಂಪನಿಯ ಕರಾವಳಿ ಕೇಂದ್ರಗಳನ್ನು 15,000 ಪೌಂಡುಗಳಿಗೆ ವಹಿಸಿಕೊಂಡಿತು.

ಟೈಟಾನಿಕ್ ದುರಂತ

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಡಿಕ್ಕಿ ಹೊಡೆಯಿತು. ಅದರ ನಿಸ್ತಂತು ಕೊಠಡಿಯಲ್ಲಿದ್ದ ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್ ಇಬ್ಬರೂ ಮಾರ್ಕೋನಿ ಕಂಪನಿಯ ನೌಕರರು. ಡಿಕ್ಕಿಗೆ ಸ್ವಲ್ಪ ಮೊದಲು ಫಿಲಿಪ್ಸ್ ಅವರು ಪ್ರಯಾಣಿಕರ ಖಾಸಗಿ ಸಂದೇಶಗಳನ್ನು ಕೇಪ್ ರೇಸ್ ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಆಗ ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ನಿರ್ವಾಹಕ ಸಿರಿಲ್ ಇವಾನ್ಸ್ ಅವರು, ತಮ್ಮ ಹಡಗು ಹಿಮದ ನಡುವೆ ನಿಂತಿದೆಯೆಂದು ತಿಳಿಸಲು ಮುಂದಾದರು. ಹತ್ತಿರದ ಕಿಡಿ ಪ್ರೇಷಕದ ಪ್ರಬಲ ಸಂಕೇತವು ದೂರದ ಕೇಪ್ ರೇಸ್‌ನ ಕ್ಷೀಣ ಸಂಕೇತವನ್ನು ಮುಚ್ಚಿಹಾಕಿದ್ದರಿಂದ ಸುಮ್ಮನಿರುವಂತೆ ಫಿಲಿಪ್ಸ್ ಅವರು ಸೂಚಿಸಿದರು. ಇವಾನ್ಸ್ ಅವರು ಬಳಿಕ ಉಪಕರಣವನ್ನು ನಿಲ್ಲಿಸಿ ಮಲಗಲು ಹೋದರು. ಹಡಗಿನಲ್ಲಿ ಅವರೊಬ್ಬರೇ ನಿರ್ವಾಹಕರಾಗಿದ್ದುದರಿಂದ, ಟೈಟಾನಿಕ್‌ನ ಅಪಾಯಸೂಚನೆಯನ್ನು ಆಲಿಸಲು ಅಲ್ಲಿ ಯಾರೂ ಇರಲಿಲ್ಲ.

ಕಾರ್ಪೇಥಿಯ ಹಡಗಿನ ನಿರ್ವಾಹಕ ಹೆರಾಲ್ಡ್ ಕಾಟಮ್ ಅವರು ಸೂಚನೆಯನ್ನು ಕೇಳಿದ್ದರಿಂದ 700ಕ್ಕೂ ಹೆಚ್ಚು ಜನರ ಪ್ರಾಣ ಉಳಿಯಿತು. ಸುಮಾರು 1,500 ಜನ ಮೃತಪಟ್ಟರು. ಮೃತರಲ್ಲಿ ಫಿಲಿಪ್ಸ್ ಅವರೂ ಒಬ್ಬರು. ಟೈಟಾನಿಕ್ ಸುರಕ್ಷಿತವಾಗಿದೆ, ಅದನ್ನು ದಡಕ್ಕೆ ಎಳೆದು ತರಲಾಗುತ್ತಿದೆ ಎಂಬ ಸುಳ್ಳು ಸುದ್ದಿಯೂ ಮರುದಿನ ಹಬ್ಬಿತು. ಪರವಾನಗಿ ಇಲ್ಲದ ಹವ್ಯಾಸಿ ಕೇಂದ್ರಗಳ ಅಡಚಣೆಯಿಂದ ಸಂದೇಶಗಳು ಬೆರೆತುಹೋದುದೇ ಇದಕ್ಕೆ ಕಾರಣವೆಂಬ ಆಪಾದನೆ ಕೇಳಿಬಂದಿತು. ಆಗ ನ್ಯೂಯಾರ್ಕಿನಲ್ಲಿದ್ದ ಮಾರ್ಕೋನಿಯವರು ಅಮೆರಿಕ ಮತ್ತು ಬ್ರಿಟನ್ ಎರಡೂ ದೇಶಗಳ ವಿಚಾರಣೆಗಳಲ್ಲಿ ಸಾಕ್ಷ್ಯ ನುಡಿದರು.

1912ರ ಆಗಸ್ಟ್ 13ರಂದು ಅಮೆರಿಕದಲ್ಲಿ ರೇಡಿಯೋ ಅಧಿನಿಯಮ ಅಂಗೀಕಾರವಾಯಿತು. ಪ್ರತಿ ಪ್ರೇಷಕಕ್ಕೂ ಪರವಾನಗಿ ಕಡ್ಡಾಯವಾಯಿತು. ಹವ್ಯಾಸಿಗಳಿಗೆ 200 ಮೀಟರ್ ಮತ್ತು ಅದಕ್ಕಿಂತ ಕಿರಿದಾದ ತರಂಗಾಂತರಗಳು, ಗರಿಷ್ಠ 1 ಕಿಲೋವ್ಯಾಟ್ ಶಕ್ತಿ ನಿಗದಿಯಾದವು. ಕಿಡಿಯ ತರಂಗವು ಎಷ್ಟರ ಮಟ್ಟಿಗೆ ಹರಡಬಹುದೆಂಬುದಕ್ಕೂ ಮಿತಿ ಬಂದಿತು. ಅಂದರೆ, ಬ್ಯಾಂಡಿನ ಅಗಲವೇ ಕಾನೂನಿನ ವಿಷಯವಾಯಿತು. 1914ರ ಸಮುದ್ರ ಸುರಕ್ಷತಾ ಒಪ್ಪಂದದಲ್ಲಿ ದೊಡ್ಡ ಪ್ರಯಾಣಿಕ ಹಡಗುಗಳಿಗೆ ಹಗಲಿರುಳು ನಿಸ್ತಂತು ಕಾವಲನ್ನು ವಿಧಿಸಲಾಯಿತು.

ಕಿಡಿಯ ಅಂತ್ಯ ಮತ್ತು ಭಾರತದೊಂದಿಗಿನ ಸಂಪರ್ಕ

ನಿರ್ವಾತ ಕೊಳವೆಗಳ ಬಳಕೆ ಹೆಚ್ಚಿದಂತೆ ಒಂದೇ ಕಂಪನಾಂಕದ ಶುದ್ಧ ತರಂಗವನ್ನು ಉಂಟುಮಾಡುವುದು ಸುಲಭವಾಯಿತು. 1927ರ ವಾಷಿಂಗ್ಟನ್ ಸಮ್ಮೇಳನವು ಕಿಡಿ ಪ್ರೇಷಕಗಳನ್ನು ಹಂತ ಹಂತವಾಗಿ ಕೈಬಿಡಲು ನಿರ್ಣಯಿಸಿತು. ಮಾರ್ಕೋನಿಯವರಿಗೆ ಕೀರ್ತಿ ತಂದ ತಂತ್ರವು ಹೀಗೆ ಅವರ ಜೀವಿತಕಾಲದಲ್ಲಿಯೇ ನಿಷೇಧದ ಹಾದಿ ಹಿಡಿಯಿತು. ಅಷ್ಟರಲ್ಲಿ ಅವರು ಕಿರುತರಂಗಗಳತ್ತ ತಿರುಗಿದ್ದರು. ನಿಷ್ಪ್ರಯೋಜಕವೆಂದು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿದ್ದ ಕಿರಿದಾದ ತರಂಗಾಂತರಗಳು ಕಡಿಮೆ ಶಕ್ತಿಯಿಂದ ಬಹುದೂರ ತಲುಪುತ್ತವೆ ಎಂಬುದು ಹವ್ಯಾಸಿಗಳಿಂದಲೇ ಬೆಳಕಿಗೆ ಬಂದಿತ್ತು. ಎಲೆಟ್ರಾ ಎಂಬ ತಮ್ಮ ಹಡಗನ್ನೇ ಪ್ರಯೋಗಾಲಯವನ್ನಾಗಿ ಮಾಡಿಕೊಂಡು, ಸಹೋದ್ಯೋಗಿ ಚಾರ್ಲ್ಸ್ ಸ್ಯಾಮ್ಯುಯೆಲ್ ಫ್ರ್ಯಾಂಕ್ಲಿನ್ ಅವರೊಡನೆ ಮಾರ್ಕೋನಿಯವರು ಒಂದೇ ದಿಕ್ಕಿಗೆ ಸಂದೇಶ ಕಳುಹಿಸುವ ಕಿರುತರಂಗ ವ್ಯವಸ್ಥೆಯನ್ನು ಬೆಳೆಸಿದರು. 1927ರ ಸೆಪ್ಟೆಂಬರಿನಲ್ಲಿ ಈ ವ್ಯವಸ್ಥೆಯು ಪುಣೆ ಸಮೀಪದ ಖಡಕಿ ಮತ್ತು ದೌಂಡ್ ಕೇಂದ್ರಗಳ ಮೂಲಕ ಭಾರತವನ್ನು ಬ್ರಿಟನ್ನಿನೊಂದಿಗೆ ಜೋಡಿಸಿತು.

ಕೊನೆಯ ವರ್ಷಗಳು

ಮಾರ್ಕೋನಿಯವರು 1914ರಲ್ಲಿ ಇಟಲಿಯ ಸೆನೆಟ್ ಸದಸ್ಯರಾದರು. 1923ರಲ್ಲಿ ಫ್ಯಾಸಿಸ್ಟ್ ಪಕ್ಷವನ್ನು ಸೇರಿದ ಅವರು 1930ರಲ್ಲಿ ಇಟಲಿಯ ರಾಯಲ್ ಅಕಾಡೆಮಿಯ ಅಧ್ಯಕ್ಷರಾಗಿ ಮುಸೊಲಿನಿಯ ಆಡಳಿತಕ್ಕೆ ನಿಕಟರಾಗಿದ್ದರು; ಇದು ಅವರ ಸಾರ್ವಜನಿಕ ಜೀವನದ ಟೀಕೆಗೊಳಗಾದ ಭಾಗ. 1931ರಲ್ಲಿ ಅವರು ನಿರ್ಮಿಸಿದ ವ್ಯಾಟಿಕನ್ ರೇಡಿಯೋ ಉದ್ಘಾಟನೆಗೊಂಡಿತು. 1937ರ ಜುಲೈ 20ರಂದು ಅವರು ನಿಧನರಾದಾಗ, ಬ್ರಿಟನ್ನಿನ ನಿಸ್ತಂತು ಕೇಂದ್ರಗಳು ಎರಡು ನಿಮಿಷ ಪ್ರಸಾರ ನಿಲ್ಲಿಸಿ ಗೌರವ ಸಲ್ಲಿಸಿದವು. ಶ್ರುತಿಗೂಡಿಸುವಿಕೆಗೆ ಸಂಬಂಧಿಸಿದ ಅವರ ಅಮೆರಿಕದ ಪೇಟೆಂಟಿನ ಪ್ರಮುಖ ಹಕ್ಕುಗಳನ್ನು, ಇತರ ವಿಜ್ಞಾನಿಗಳ ಹಿಂದಿನ ಕಾರ್ಯವನ್ನು ಪರಿಗಣಿಸಿ, 1943ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಸಿಂಧುಗೊಳಿಸಿತು.

ಸಾರ್ವಜನಿಕರ ಗಮನಕ್ಕೆ

ಭಾರತದಲ್ಲಿ 1885ರ ಭಾರತೀಯ ತಂತಿವಾರ್ತೆ ಅಧಿನಿಯಮದ ಜೊತೆಗೆ 1933ರ ಭಾರತೀಯ ನಿಸ್ತಂತು ತಂತಿವಾರ್ತೆ ಅಧಿನಿಯಮವು, ಪರವಾನಗಿ ಇಲ್ಲದೆ ನಿಸ್ತಂತು ಉಪಕರಣವನ್ನು ಹೊಂದುವುದನ್ನೇ ಅಪರಾಧವೆಂದು ಪರಿಗಣಿಸಿತು. ಇವೆರಡರ ಸ್ಥಾನದಲ್ಲಿ ರಚಿತವಾದ 2023ರ ದೂರಸಂಪರ್ಕ ಅಧಿನಿಯಮದ ಪ್ರಕರಣಗಳು 2024ರ ಜೂನ್‌ನಿಂದ ಹಂತ ಹಂತವಾಗಿ ಜಾರಿಗೆ ಬರತೊಡಗಿದವು.

ವಿಶಾಲ ಬ್ಯಾಂಡಿನ ಪ್ರೇಷಕಗಳು ಹೊಸ ರೂಪದಲ್ಲಿ ಮರಳಿ ಬಂದಿರುವುದನ್ನೂ ಇಲ್ಲಿ ಗಮನಿಸಬಹುದು. 2002ರ ಫೆಬ್ರವರಿಯಲ್ಲಿ ಅಮೆರಿಕದ ನಿಯಂತ್ರಣ ಆಯೋಗವು 3.1ರಿಂದ 10.6 ಗಿಗಾಹರ್ಟ್ಸ್ ವ್ಯಾಪ್ತಿಯಲ್ಲಿ ಅತಿ ವಿಶಾಲ ಬ್ಯಾಂಡಿನ ಉಪಕರಣಗಳನ್ನು ಪರವಾನಗಿ ಇಲ್ಲದೆ ಬಳಸಲು ಅನುಮತಿ ನೀಡಿತು. ಆದರೆ ಅವುಗಳ ಶಕ್ತಿಯನ್ನು ಪ್ರತಿ ಮೆಗಾಹರ್ಟ್ಸ್‌ಗೆ ಒಂದು ವ್ಯಾಟಿನ ಒಂದು ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ ಮಟ್ಟಕ್ಕೆ ಸೀಮಿತಗೊಳಿಸಲಾಯಿತು. ಜಿಪಿಎಸ್ ಬಳಸುವ ಕಂಪನಾಂಕಗಳಲ್ಲಿ ಇನ್ನೂ ಕಠಿಣವಾದ ಮಿತಿಯನ್ನು ವಿಧಿಸಲಾಯಿತು. ಭಾರತದಲ್ಲಿಯೂ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡಿನ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡಲಾಯಿತು. ಮನೆ ಮತ್ತು ಕಚೇರಿಗಳ ವೈ-ಫೈ ಉಪಕರಣಗಳು ಬಳಸುವ ಬ್ಯಾಂಡುಗಳಲ್ಲಿ ಇದೂ ಒಂದು.

ವಿನಾಯಿತಿ ಎಂದರೆ ನಿಯಮವಿಲ್ಲ ಎಂದು ಅರ್ಥವಲ್ಲ. ವಿನಾಯಿತಿ ಪಡೆದ ಉಪಕರಣವು ಪರವಾನಗಿ ಪಡೆದ ಸೇವೆಗೆ ಅಡಚಣೆ ಉಂಟುಮಾಡಬಾರದು. ತನಗಾಗುವ ಅಡಚಣೆಯ ವಿರುದ್ಧ ರಕ್ಷಣೆಯನ್ನು ಕೋರಲೂ ಅದಕ್ಕೆ ಹಕ್ಕಿರುವುದಿಲ್ಲ. ಪರವಾನಗಿ ಪಡೆದವರಿಗೆ ಈ ರಕ್ಷಣೆ ಇರುತ್ತದೆ. ಅರ್ಜಿಯಲ್ಲಿ ಸ್ಥಳ, ಶಕ್ತಿ, ಕಂಪನಾಂಕ, ಬ್ಯಾಂಡಿನ ಅಗಲಗಳನ್ನು ಕೇಳುವುದು, ಯಾರ ಪ್ರಸಾರ ಯಾರಿಗೆ ಅಡ್ಡಿಯಾಗಬಹುದೆಂಬುದನ್ನು ಮುಂಚಿತವಾಗಿ ತಿಳಿಯುವ ಸಲುವಾಗಿ. ಆಕಾಶದಲ್ಲಿ ಸಾಗುವ ತರಂಗಗಳಿಗೆ ಬೇಲಿ ಹಾಕಲು ಬರುವುದಿಲ್ಲ. ಅಪಾಯದಲ್ಲಿರುವವರ ಕರೆ ಕೇಳಿಸಬೇಕಾದರೆ ಉಳಿದವರೆಲ್ಲರೂ ತಮ್ಮ ತಮ್ಮ ಮಿತಿಯಲ್ಲಿರಬೇಕೆಂಬುದು ಮಾರ್ಕೋನಿಯವರ ಕಾಲದ ಅನುಭವ. ಆದ್ದರಿಂದ ಅರ್ಜಿದಾರರು ಉಪಕರಣವನ್ನು ಚಾಲನೆ ಮಾಡುವ ಮೊದಲು ಅದಕ್ಕೆ ಪರವಾನಗಿ ಅಗತ್ಯವೇ ಅಥವಾ ವಿನಾಯಿತಿ ಇದೆಯೇ ಎಂಬುದನ್ನು ಖಚಿತಪಡಿಸಿಕೊಂಡು, ಕೋರಿದ ವಿವರಗಳನ್ನು ಪೂರ್ಣವಾಗಿ ಹಾಗೂ ಸರಿಯಾಗಿ ಒದಗಿಸುವುದು ಸೂಕ್ತ.